ಬಣ್ಣ ಕಲಸಿದ ಕುರ್ಚಿಗಳು

ನವೆಂಬರ್ ೧೪, ರಾತ್ರಿ

ಹೊಸ ಫುಟ್‌ಬಾಲ್ ಲೀಗಿನಲ್ಲಿ ನಮ್ಮ ತಂಡಕ್ಕೆ ಯಾವ ಕ್ರೀಡಾಂಗಣ ಅನ್ನೋದು ಇವತ್ತು ತೀರ್ಮಾನವಾಯ್ತು. ಮೂವತ್ತು ಸಾವಿರ ಜನ ಹಿಡಿಸುವ ಹಳೆಯದೋ, ಎಂಟು ಸಾವಿರದ ಹೊಸದೋ? ಸಮಿತಿ ಎರಡು ಭಾಗವಾಗಿ, ಕೊನೆಯ ಮತ ಉಳಿದಿದ್ದ ನನ್ನ ಬಾಯಿ ನೋಡುತ್ತಿತ್ತು.

ಬೆಳಿಗ್ಗೆ ಹಳೆಯದನ್ನು ನೋಡಲು ಹೋಗಿದ್ದೆವು. ಅಣ್ಣ ತೀರಿಕೊಂಡ ಮೇಲೆ ನಾನು ಆ ಕಡೆ ತಲೆ ಹಾಕಿರಲಿಲ್ಲ. ಹಳೆಯ ತಂಡ ಸೋತು ಸುಣ್ಣವಾಗಿ ಜನ ಬರೋದು ಬಿಟ್ಟ ಮೇಲೂ ಅವನೊಬ್ಬ ಸಾಸಿವೆ ಬಣ್ಣದ ಸ್ವೆಟರ್ ಹಾಕಿಕೊಂಡು ಮೇಲಿನ ಸಾಲಿನ ತುದಿಯಲ್ಲಿ ಕೂತಿರುತ್ತಿದ್ದ. ಇವತ್ತು ಒಳಗೆ ಕಾಲಿಟ್ಟರೆ ಗ್ಯಾಲರಿ ತುಂಬ ಜನ! ಇಷ್ಟೊಂದು ಜನ ಯಾಕೆ ಬಂದಿದ್ದಾರೆ ಅಂತ ಕೇಳಿಯೇಬಿಟ್ಟೆ.

"ಜನ ಅಲ್ಲ ಸಾರ್, ಕುರ್ಚಿ," ಅಂತ ನಮ್ಮ ಜೊತೆ ಬಂದಿದ್ದ, ಪಂದ್ಯ ಪ್ರಸಾರ ಮಾಡುವ ಟಿವಿಯವನು ನಕ್ಕ. "ನಾಲ್ಕೈದು ಬಣ್ಣದ್ದು ಕಲಸಿ ಹೊಸದಾಗಿ ಹಾಕಿಸಿದ್ದಾರೆ. ಖಾಲಿ ಇದ್ರೂ ಕ್ಯಾಮೆರಾಗೆ ತುಂಬಿದ ಹಾಗೇ ಕಾಣುತ್ತೆ."

ಅವನ ಜಾಣತನಕ್ಕೆ ಬೆಂಕಿ ಬೀಳಲಿ. ಮೇಲಿನ ಸಾಲಿನ ತುದಿಯಲ್ಲಿದ್ದದ್ದು ಸಾಸಿವೆ ಬಣ್ಣದ ಕುರ್ಚಿ. ಅದು ನನ್ನನ್ನೇ ನೋಡುತ್ತಿತ್ತು. ಆಮೇಲೆ ನಾನು ತಲೆ ಎತ್ತಲೇ ಇಲ್ಲ.

ಸಭೆಯಲ್ಲಿ ಅಧ್ಯಕ್ಷರು ಕೇಳುವ ಮೊದಲೇ "ಚಿಕ್ಕದು" ಅಂದುಬಿಟ್ಟೆ. "ಹಾಸಿಗೆ ಇದ್ದಷ್ಟು ಕಾಲು ಚಾಚೋಣ." ಎಲ್ಲರೂ ತಲೆದೂಗಿದರು. ದೂರದೃಷ್ಟಿಯಂತೆ! ಹೆದರಿ ಓಡಿ ಬಂದವನಿಗೆ ಚಪ್ಪಾಳೆ.

"ಎಂಟು ಸಾವಿರ ಅಂದ್ರೆ ದಿನಾ ಹೌಸ್‌ಫುಲ್," ಅಂದರು ಅಧ್ಯಕ್ಷರು. "ಒಂದು ಕುರ್ಚಿನೂ ಖಾಲಿ ಉಳಿಯಲ್ಲ ನೋಡಿ."

ಆಗ ಸಮಾಧಾನವಾಗಿತ್ತು. ಈಗ ಕಣ್ಣು ಮುಚ್ಚಿದರೆ ಅದೇ ಮಾತು. ಒಂದೂ ಖಾಲಿ ಉಳಿಯದ ಕಡೆ ಅಣ್ಣ ಬಂದರೆ ಎಲ್ಲಿ ಕೂರ್ತಾನೆ?