ಆಯಿಲ್ ಬದಲಾಯಿಸಿದ ಭಾನುವಾರ

ಮಾರ್ಚ್ 3, ಸೋಮವಾರ

ಕುಣಿಗಲ್‌ಗೆ ಹೋಗಿ ಬಂದೆ. ಅಲ್ಲಿನ ಕಾಲೇಜಿನಲ್ಲಿ ಎರಡು ಕ್ಲಾಸು. ಕಾರಿನ ಮೀಟರಿನಲ್ಲಿ 9,412. ಹತ್ತು ಸಾವಿರ ಕಿಲೋಮೀಟರಿಗೆ ಆಯಿಲ್ ಬದಲಾಯಿಸಬೇಕು, ಇಲ್ಲವೇ ವರ್ಷಕ್ಕೊಮ್ಮೆ — ಯಾವುದು ಮೊದಲೋ ಅದು. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿದೆ. ಆದರೆ ಇದು ಹೈಬ್ರಿಡ್: ಬ್ಯಾಟರಿ, ಎಂಜಿನ್ ಎರಡೂ. ಮನೆಯಿಂದ ಉಪ್ಪಾರಹಳ್ಳಿ ದಾಟುವ ತನಕ ಬ್ಯಾಟರಿಯ ಮೇಲೆ ಹೋಗುತ್ತದೆ. ಎಂಜಿನ್ ಮಲಗಿರುತ್ತದೆ. ಮಲಗಿದ್ದ ಕಿಲೋಮೀಟರುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕೆ? ನನ್ನ ಐವತ್ತೆರಡು ವರ್ಷಗಳಲ್ಲೂ ಹಾಗೆ ಕಳೆಯಬಹುದಾದದ್ದು ಸಾಕಷ್ಟಿದೆ...

ಸರ್ವಮಂಗಳಳನ್ನು ಕೇಳಿದೆ. "ರೀ, ಮೊದ್ಲು ಆ ಹಾಲು ಉಕ್ತಾ ಇದೆ ನೋಡಿ" ಎಂದಳು.

ಮಾರ್ಚ್ 6

ಸರ್ವೀಸ್ ಸೆಂಟರಿಗೆ ಫೋನ್. ದೀಪಿಕಾ ಎಂಬ ಹುಡುಗಿ.

"ಸರ್, ಎಂಜಿನ್ ಎಷ್ಟು ಓಡ್ತು ಅಂತ ನೀವು ಕಳೆಯೋಕೆ ಹೋಗ್ಬೇಡಿ. ಮೀಟರ್‌ನಲ್ಲಿ ಇರೋದೇ ಫೈನಲ್."

"ಓಡದೆ ಇರೋ ಎಂಜಿನ್ನಲ್ಲಿ ಆಯಿಲ್ ಹೆಂಗಮ್ಮ ಹಾಳಾಗುತ್ತೆ?"

"ಬಿಸಿ ಆಗೋದ್ರೊಳಗೆ ಆಫ್ ಆಗ್ತಿರುತ್ತಲ್ಲ ಸರ್, ತೇವ ಸೇರ್ಕೊಳ್ಳುತ್ತೆ. ಸುಮ್ನೆ ಇದ್ರೂ ಹಾಳಾಗುತ್ತೆ."

ಸುಮ್ಮನಿದ್ದರೂ ಹಾಳಾಗುತ್ತದೆ.

ಮಾರ್ಚ್ 9, ಭಾನುವಾರ, ಮಧ್ಯಾಹ್ನ 12.40. ಗುಬ್ಬಿ, ಕಾರಿನೊಳಗೆ

ಮಾವನ ಮನೆ. ಮನೆಯ ಮುಂದೆಯೇ ಅವರ ಲಾರಿ ಗ್ಯಾರೇಜು. ಏಕಾಂತಯ್ಯ ಎಂದರೆ ಚೇಳೂರಿನವರೆಗೂ ಗೊತ್ತು — ಬಾನೆಟ್ ಎತ್ತುವ ಮೊದಲೇ ಸದ್ದು ಕೇಳಿ ರೋಗ ಹೇಳುವವರು. ಬಂದ ಕೂಡಲೇ ನನ್ನ ಕಾರಿನ ಆಯಿಲ್ ಕಡ್ಡಿ ಎಳೆದರು. ಬೆರಳಲ್ಲಿ ಉಜ್ಜಿದರು. ಮೂಸಿದರು.

"ಅಳಿಯಂದ್ರೇ, ಇದು ಆಯಿಲ್ ಅಲ್ಲ, ಡಿಕಾಕ್ಷನ್ನು."

"ಹತ್ತು ಸಾವಿರಕ್ಕೆ ಅಂತ ಬರ್ದಿದಾರೆ ಮಾವ."

"ಬರ್ದೋರು ಬಂದು ಗಾಡಿ ಓಡ್ಸ್ತಾರಾ? ಮೂರು ಸಾವ್ರಕ್ಕೆ ಬದ್ಲಾಯಿಸ್ಬೇಕು. ಪಿಟ್ ಮೇಲೆ ತಂದು ನಿಲ್ಸಿ. ಸಂಜೆ ನೋಡಾನ."

ಹ್ಞೂಂ ಅನ್ನಲಿಲ್ಲ. ಉಹ್ಞೂಂ ಅನ್ನಲೂ ಇಲ್ಲ. ಲಾರಿಯಡಿ ಇಳಿದು ಕೆಲಸ ಮಾಡುವ ಆ ಗುಂಡಿಯ ಮೇಲೆ ತಂದು ನಿಲ್ಲಿಸಿದೆ. ಒಳಗೆ ನೆಂಟರು, ಮಾತು. ಇಲ್ಲಿ ಎಸಿ. ಸದ್ದೇ ಇಲ್ಲದ ತಂಪು. ಸರ್ವಮಂಗಳ ಊಟಕ್ಕೆ ಕರೆಯುತ್ತಿದ್ದಾಳೆ.

ಅದೇ ದಿನ, 4.15

ಆದದ್ದು ಇಷ್ಟು. ಇಳಿಯುವಾಗ ಕಾರು ಕೀ ಕೀ ಎಂದು ಕೂಗಿತು. ಅದು ಬೆಲ್ಟಿಗೂ ಕೂಗುತ್ತದೆ, ಬಾಗಿಲಿಗೂ ಕೂಗುತ್ತದೆ. ಗಮನ ಕೊಡಲಿಲ್ಲ. ಎರಡನೇ ಸಲ ಅನ್ನಕ್ಕೆ ಸಾರು ಬಿದ್ದಿತ್ತು. ಗ್ಯಾರೇಜಿನಿಂದ ಎಂಜಿನ್ ಸ್ಟಾರ್ಟ್ ಆದ ಸದ್ದು, ಹಿಂದೆಯೇ ಮಾವನ ಕೂಗು.

ಸಂಜೆಯ ತನಕ ಕಾಯದೆ ಅವರು ಪಿಟ್ಟಿಗೆ ಇಳಿದಿದ್ದರು. ಕೆಳಗಿನ ಬೋಲ್ಟ್ ಬಿಚ್ಚಿದ್ದರು. ಆಯಿಲ್ ಪೂರ್ತಿ ಇಳಿದು ಕೊನೆಯ ಹನಿಗಳು ತೊಟ್ಟಿಕ್ಕುವಾಗ ಎಂಜಿನ್ ತಾನಾಗಿ ಎದ್ದಿದೆ. ನಾನು ಎಂಜಲು ಕೈಯಲ್ಲೇ ಓಡಿ ಬಟನ್ ಒತ್ತಿ ನಿಲ್ಲಿಸಿದೆ. ಹತ್ತು ಸೆಕೆಂಡು ಓಡಿರಬಹುದು — ಒಂದು ತೊಟ್ಟು ಆಯಿಲ್ ಇಲ್ಲದೆ. ಊಟಕ್ಕೆ ಇಳಿಯುವಾಗ ನಾನು ಕಾರು ಆಫ್ ಮಾಡಿರಲೇ ಇಲ್ಲ. ಬ್ಯಾಟರಿಯ ಮೇಲೆ ಎಸಿ ಓಡುತ್ತಿತ್ತು. ಚಾರ್ಜ್ ಇಳಿಯಿತು, ಎಂಜಿನ್ ಕೆಲಸಕ್ಕೆ ಬಂತು.

ಮಾವ ಮೇಲೆ ಬಂದರು. ಮೊಣಕೈ ತನಕ ಕಪ್ಪು. ಹೆಣ ಎದ್ದು ಕೂತದ್ದನ್ನು ಕಂಡವರ ಮುಖ.

"ರೀ, ಕಾರು ಆನ್ ಬಿಟ್ಟು ಬಂದ್ರಾ?" ಸರ್ವಮಂಗಳ. ನೆಂಟರೆಲ್ಲ ಅವಳ ಹಿಂದೆ.

"ಆನ್‌ನಲ್ಲೇ ಇದೆ ಅಂತ ಮಾವನಿಗೆ ಹೇಳೇ ಬಂದೆ" ಎಂದೆ.

ಹೇಳಿರಲಿಲ್ಲ. ಎಲ್ಲಿಂದ ಬಂತೋ ಆ ವಾಕ್ಯ, ವ್ಯಾಕರಣಶುದ್ಧವಾಗಿ ಬಂತು.

ಮಾವ ನನ್ನನ್ನೇ ನೋಡಿದರು. "ಹೇಳಿದ್ರಾ? ... ಕೇಳ್ಸಲಿಲ್ಲ" ಎಂದರು. ನಂಬಿಬಿಟ್ಟರು. ಅದನ್ನು ನಿರೀಕ್ಷಿಸಿರಲಿಲ್ಲ.

ಮಾರ್ಚ್ 13

ಕಾರನ್ನು ತುಮಕೂರಿನ ಸರ್ವೀಸ್ ಸೆಂಟರಿಗೆ ಎಳೆಸಿದ್ದೆ. ಎಂಜಿನ್ನಿಗೆ ಏನೂ ಆಗಿಲ್ಲವಂತೆ. "ಬೇಗ ನಿಲ್ಸಿದ್ರಿ ಸರ್, ಬಚಾವ್" ಎಂದಳು ದೀಪಿಕಾ. ಹೊಸ ಆಯಿಲ್. "ಇವತ್ತಿಂದ ಮತ್ತೆ ಹತ್ತು ಸಾವಿರ, ಇಲ್ಲ ಮುಂದಿನ ಮಾರ್ಚ್." ಇವತ್ತಿನಿಂದ ಎಣಿಸಲು ಕಾರಿಗೆ ಅವಕಾಶವಿದೆ.

ಮಾವನಿಗೆ ಫೋನ್ ಮಾಡಿ ಅರ್ಧ ಸತ್ಯ ಹೇಳಿದೆ. ಬ್ಯಾಟರಿಯ ಮೇಲಿರುವಾಗ ಎಂಜಿನ್ನಿಗೆ ಸದ್ದೇ ಇರುವುದಿಲ್ಲ, ಯಾರಿಗೂ ಕೇಳಿಸದು ಎಂದು.

"ಎಂಜಿನ್ ಸದ್ದು ಬುಡಿ ಅಳಿಯಂದ್ರೇ. ಮನುಷ್ಯ ನಿಂತು ಹೇಳಿದ ಮಾತೇ ಕೇಳ್ಸಲಿಲ್ವಲ್ಲ."

ಮಾರ್ಚ್ 16, ಗುಬ್ಬಿ

ಮಾವನಿಗೆ ಕಿವಿ ಹೋಗಿದೆ ಎಂದು ಊರೆಲ್ಲ ಸುದ್ದಿ. ಲಾರಿ ತಿಪ್ಪಯ್ಯ ಒಂದು ಅಡಿ ದೂರದಲ್ಲಿ ನಿಂತು ಅರಚಿದ: "ಏಕಾಂತಣ್ಣಾ! ಊಟಾ! ಆಯ್ತಾ!"

"ಯಾಕ್ಲಾ ಹಂಗ್ ಬಡ್ಕಂತೀಯ? ಎಮ್ಮೆ ಎಲ್ಲ ಎದ್ ನಿಂತವೆ."

"ಏನಿಲ್ಲ! ನಿಮಗೆ! ಕೇಳ್ಲಿ ಅಂತ! ಕಣಣ್ಣಾ!"

ಮಾವ ತಿಪ್ಪಯ್ಯನ ಲಾರಿ ಸ್ಟಾರ್ಟ್ ಮಾಡಿಸಿ ಸದ್ದು ಕೇಳಿದರು. "ಎರಡ್ನೇ ಇಂಜೆಕ್ಟರ್ ಹೋಗೈತೆ" ಎಂದವರು ಮರುಕ್ಷಣ, "ಬ್ಯಾರೆ ಕಡೆನೂ ಒಂದ್ಸಲ ತೋರ್ಸ್ಬುಡಪ್ಪ" ಎಂದರು. ಆ ಮಾತನ್ನು ಅವರ ಬಾಯಲ್ಲಿ ಹಿಂದೆ ಕೇಳಿರಲಿಲ್ಲ.

ಮಾರ್ಚ್ 19

ಸರ್ವಮಂಗಳ ಅಪ್ಪನನ್ನು ಕಿವಿ ಡಾಕ್ಟರ ಹತ್ತಿರ ಕರೆದೊಯ್ದಳು. ನಾನು ಡ್ರೈವರು. ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ ಸದ್ದು ಕೇಳಿಸಿದರು. ಎರಡೂ ಕಿವಿ ಚೆನ್ನಾಗಿವೆ, ಈ ವಯಸ್ಸಿಗೆ ಆಶ್ಚರ್ಯ ಎಂದರು.

"ಡಾಕ್ಟ್ರೇ, ನಿಮ್ ಮಿಷನ್ನು ಸರ್ವೀಸಿಗೆ ಬಂದೈತೆ" ಎಂದರು ಮಾವ. "ಇಂಗ್ಲಿಷ್ ಮೇಷ್ಟ್ರು ನಮ್ಮ ಅಳಿಯ. ಅವ್ರು ಸುಳ್ಳು ಹೇಳ್ತಾರಾ?"

ವಾಪಸಾಗುವಾಗ ಹೇಳಿದರು — ಯುಗಾದಿ ಕಳೆಯಲಿ, ಗ್ಯಾರೇಜಿಗೆ ಬೀಗ. ಸರ್ವಮಂಗಳ ಕಣ್ಣೊರೆಸಿಕೊಂಡಳು. ಕಾರು ಬ್ಯಾಟರಿಯ ಮೇಲಿತ್ತು. ಎಲ್ಲವೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಮಾರ್ಚ್ 23, ಭಾನುವಾರ, 3.50. ಗುಬ್ಬಿ, ಗ್ಯಾರೇಜಿನ ಎದುರು, ಕಾರಿನೊಳಗೆ

ಹೇಳಿದೆ. ಮಾವ ಸ್ಪ್ಯಾನರುಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು.

"ಹೇಳೇ ಇರ್ಲಿಲ್ವಾ?"

"ಇಲ್ಲ ಮಾವ."

"ಒಂದ್ ಮಾತೂ?"

"ಇಲ್ಲ."

ಕೈಯಲ್ಲಿದ್ದ ಸ್ಪ್ಯಾನರ್ ನೋಡಿದರು. ನನ್ನನ್ನು ನೋಡಿದರು. ಆ ಕ್ರಮ ನನಗೆ ಹಿಡಿಸಲಿಲ್ಲ. ಆಮೇಲೆ ಚೀಲ ಸುರಿದರು, ಎಲ್ಲವೂ ಒಟ್ಟಿಗೆ ನೆಲಕ್ಕೆ. ಆ ಸದ್ದನ್ನು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ತಿಪ್ಪಯ್ಯನಿಗೆ ಫೋನ್ ಹಚ್ಚಿದರು. "ಲಾರಿ ತಗಂಡ್ ಬಾರ್ಲಾ. ಮೆತ್ತಗ್ ಮಾತಾಡು... ಇನ್ನೂ ಮೆತ್ತಗೆ. ಹ್ಞಾಂ, ಕೇಳ್ತು."

ನನಗೆ ಶಿಕ್ಷೆ ಒಂದೇ. "ಮಗಳಿಗೆ ನೀವೇ ಹೇಳ್ಬೇಕು. ನನ್ ಎದುರಿಗೆ. ನಾನು ಕೇಳ್ಬೇಕು."

ಸರ್ವಮಂಗಳ ಚೇಳೂರಿನ ಚಿಕ್ಕಮ್ಮನ ಮನೆಯಿಂದ ನಾಲ್ಕರ ಬಸ್ಸಿಗೆ ಬರುತ್ತಾಳೆ. ವಾಕ್ಯ ಜೋಡಿಸಲು ಹತ್ತು ನಿಮಿಷವಿದೆ ಎಂದು ಕೂತೆ. 'ನಡೆದ ಸಂಗತಿಗೆ ಇನ್ನೊಂದು ಮುಖವಿದೆ' — ಬೇಡ. 'ಮಾತು ಮತ್ತು ಮೌನದ ನಡುವೆ' — ಛೆ.

ಬಸ್ಸು ಬಂತು. ಇಳಿದಳು. ಮಾವ ಎದುರು ಹೋಗಿ ನಿಂತು ರಸ್ತೆಗೆಲ್ಲ ಕೇಳುವಂತೆ, "ಮಗಾ, ನಿನ್ ಗಂಡ ಏನೋ ಹೇಳ್ಬೇಕಂತೆ ಕಣವ್ವ!" ಎನ್ನುತ್ತಿದ್ದಾರೆ. ಬಸ್ಸಿನಲ್ಲಿದ್ದವರೂ ಇತ್ತ ತಿರುಗಿದ್ದಾರೆ. ಬಸ್ಸು ಯಾಕೆ ಹೊರಡುತ್ತಿಲ್ಲ?

ಗಾಜು ತಟ್ಟುತ್ತಿದ್ದಾಳೆ. ಸರಿ. 'ಸರ್ವಮಂಗಳ, ಆವತ್ತು ನಾನು ಮಾವನಿಗೆ ಹೇಳಿರಲೇ —'