ಪಾಲಕರ ಸಹಿ

3 ಡಿಸೆಂಬರ್ 1979, ಬೆಳಿಗ್ಗೆ 5

ಮಗಳು ಈಗಷ್ಟೇ ಮಲಗಿದಳು. ಏಳು ತಿಂಗಳಾದರೂ ಅವಳಿಗೆ ಹಗಲು ರಾತ್ರಿ ತಿಳಿಯದು. ನನಗೂ ತಿಳಿಯದಂತಾಗಿದೆ.

ನಮ್ಮ ಕಾಲೇಜಿನ ಎನ್ನೆಸ್ಸೆಸ್ ಸೇವಾ ತಂಡದ ಡೈರಿಗಳನ್ನು ಓದಿ ಮುಗಿಸಿದೆ. ಇಪ್ಪತ್ತು ಹುಡುಗಿಯರು. ಚರಂಡಿ, ಗಿಡ, ಅಕ್ಷರ ಕಲಿಸುವುದು. ಕೊನೆಯ ಪುಟ — 'ಈ ವರ್ಷ ನನ್ನಲ್ಲಿ ಬೆಳೆಸಿಕೊಳ್ಳಬೇಕಾದದ್ದು'. ಅದು ನಾನೇ ಸೇರಿಸಿದ್ದು. "ಖರೇ ಬರೀರಿ, ನಾ ಒಬ್ಬಾಕಿನ ಓದಾಕಿ" ಅಂದಿದ್ದೆ.

ಬಹಳ ಜನ ಬರೆದದ್ದು 'ಶಿಸ್ತು'. ದುಂಡಸಿಯ ಗುತ್ತೆವ್ವ ಮಾತ್ರ: 'ಬಿ.ಎ. ಮುಗಿಯುವವರೆಗೆ ಲಗ್ನ ಬೇಡ ಎಂದು ಅಪ್ಪನ ಎದುರು ನಿಂತು ಹೇಳುವ ಧೈರ್ಯ. ಬೇಸಿಗೆಯ ಒಳಗೆ.'

ಗಡುವು ಬೇರೆ! ನಕ್ಕೆ. ಆಮೇಲೆ ನಗು ಬರಲಿಲ್ಲ.

8 ಡಿಸೆಂಬರ್, ಮಧ್ಯಾಹ್ನ

ಶ್ರಮದಾನ ಮುಗಿದ ಮೇಲೆ ಗುತ್ತೆವ್ವನನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿದೆ.

"ನಾನ ನಿಮ್ಮಪ್ಪ ಅಂತ ತಿಳಕೋ. ಹೇಳು."

"ನೀವು ಮೀಸಿ ಇಲ್ಲದ ಅಪ್ಪ ರಿ ಮೇಡಂ, ಅಂಜಿಕೀನ ಬರವಲ್ದು!"

ನಾಲ್ಕನೆಯ ಸಲಕ್ಕೆ 'ಅಪ್ಪಾ, ನಂದೊಂದು ಮಾತೈತಿ' ಎಂಬಲ್ಲಿಗೆ ಬಂದಳು. ಮುಂದಿನದನ್ನು ಹೇಳದೆ ಸಲಿಕೆ ಎತ್ತಿಕೊಂಡು ಹೋದಳು. ಬರುತ್ತದೆ, ಇನ್ನೂ ವೇಳೆ ಇದೆ.

12 ಡಿಸೆಂಬರ್

ಮೂರು ದಿನದಿಂದ ಮಗಳಿಗೆ ಜ್ವರ. ಕಣ್ಣು ಮುಚ್ಚಿಲ್ಲ. ಬಂಕಾಪುರದ ಎನ್ನೆಸ್ಸೆಸ್ ಕ್ಯಾಂಪಿಗೆ ಪಾಲಕರ ಸಹಿ ಬೇಕೆಂದರು ಪ್ರಿನ್ಸಿಪಾಲರು. ಬೇರೆ ಫಾರ್ಮು ಮಾಡಿಸಬೇಕಿತ್ತು. ಅಷ್ಟು ತ್ರಾಣವಿರಲಿಲ್ಲ. ಡೈರಿಗಳನ್ನೇ ಹಂಚಿದೆ — ಇದರಲ್ಲೇ ಮಾಡಿಸಿಕೊಂಡು ಬನ್ನಿ. ಗುತ್ತೆವ್ವ ಬಂದಿರಲಿಲ್ಲ. ಅವಳದನ್ನು ಅವಳೂರಿನ ಹುಡುಗಿಯ ಕೈಯಲ್ಲಿ ಮನೆಗೆ ಕಳಿಸಿದೆ.

ಅದೇ ದಿನ, ಸಂಜೆ

ಕೊನೆಯ ಪುಟ!

ಸ್ಟ್ಯಾಂಡಿಗೆ ಓಡಿದೆ. ದುಂಡಸಿ ಬಸ್ಸು ಹೋಗಿಬಿಟ್ಟಿತ್ತು.

15 ಡಿಸೆಂಬರ್

ದುಂಡಸಿಗೆ ಹೋಗಿ ಬಂದೆ. ಗುತ್ತೆವ್ವನ ಅಪ್ಪ ಉಳಿವೆಪ್ಪನವರು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

"ಬರ್ರಿ ಬಾಯಾರ, ಕೂಡ್ರಿ. ಚಾ ತಗೋರಿ."

ನಾನು ಡೈರಿ ಕಳಿಸಿದ ದಿನವೇ ಕನ್ಯೆ ನೋಡಲು ಗಂಡಿನವರು ಬಂದಿದ್ದರಂತೆ. ಡೈರಿ ಬಂತು. ತಂಗಿಯ ಬರವಣಿಗೆ ಎಷ್ಟು ಚೆಂದ ಎಂದು ತೋರಿಸಲು ಅವಳ ಅಣ್ಣ ಎಲ್ಲರ ಮುಂದೆ ಗಟ್ಟಿಯಾಗಿ ಓದತೊಡಗಿದ. ಓದುತ್ತಾ ಆ ಪುಟಕ್ಕೂ ಬಂದ.

"ಮಂದಿ ಮುಂದ ತೆಲಿ ಕೆಳಗಾತ್ರೀ. ಅವರು ಎದ್ದು ಹೋದ್ರ ಊರಾಗ ಏನ್ ಉಳೀತೈತಿ? ಅಲ್ಲೇ ಲಗ್ನಕ್ಕ ಮಾತು ಕೊಟ್ಟೆ." ಕಪ್ಪು ಕೆಳಗಿಟ್ಟರು. "ನನ್ನೊಬ್ಬನ ಮುಂದ ಹೇಳಿದ್ರ ಕೇಳ್ತಿದ್ನೋ ಏನೋ. ಒಬ್ಬಾಕೀನ ಮಗಳು."

ಹೊರಡುವಾಗ ಅಂದರು — "ಹುಡುಗ್ಯಾರ ಕಡೆ ಸೇವಾ ಮಾಡಸ್ರಿ ಬಾಯಾರ. ಬರಸಬ್ಯಾಡ್ರಿ."

ಗುತ್ತೆವ್ವ ಹೊರಗೆ ಬರಲೇ ಇಲ್ಲ.

5 ಜನವರಿ 1980

ಕ್ಯಾಂಪು ಆಯಿತು. ಹತ್ತೊಂಬತ್ತು ಹುಡುಗಿಯರು.

ಇವತ್ತು ಗುತ್ತೆವ್ವ ಬಂದಿದ್ದಳು, ಕಾಲೇಜಿನಿಂದ ಸರ್ಟಿಫಿಕೇಟು ಒಯ್ಯಲು. ಅಣ್ಣ ಗೇಟಿನಲ್ಲಿ ನಿಂತಿದ್ದ.

"ತಪ್ಪು ನಂದವಾ ಗುತ್ತೆವ್ವ..."

"ಹೇಳಿದ್ದು ತಪ್ಪಲ್ಲ ಬಿಡ್ರಿ ಮೇಡಂ. ಹೇಳಾಕಿ ನಾ ಆಗಬೇಕಿತ್ತು."

ಸರ್ಟಿಫಿಕೇಟನ್ನು ಮಡಚಿ ಚೀಲದಲ್ಲಿಟ್ಟಳು. ಆಮೇಲೆ, "ಕೂಸಿನ ಜ್ವರ ಇಳೀತ್ರೀ?"

ಅವಳೂರಿನ ಹುಡುಗಿ ಹೇಳಿರಬೇಕು. ಇಳೀತವಾ, ಎಂದೆ.

31 ಜನವರಿ, ಬೆಳಿಗ್ಗೆ 7

ಗುತ್ತೆವ್ವನ ಲಗ್ನ. ಎಂಟಕ್ಕೆ ಬಸ್ಸು. ಸೀರೆ ಉಟ್ಟು ಕೂತಿದ್ದೇನೆ. "ಹೋಗಿ ಏನ್ ಮಾಡ್ತಿ?" ಎಂದರು ಇವರು. ಅಕ್ಷತೆ ಹಾಕಬೇಕು. ಹಾಕುವಾಗ ಮನಸ್ಸಿನಲ್ಲಿ ಏನಾದರೂ ಅಂದುಕೊಳ್ಳಬೇಕಲ್ಲ, ಒಳ್ಳೆಯದಾಗಲಿ ಎಂದು... ಅಷ್ಟರಲ್ಲಿ ಅವಳು ತಲೆ ಎತ್ತಿ ನನ್ನನ್ನು ನೋಡಿದರೆ, ಯಾವ ಮುಖ ಇಟ್ಟುಕೊಂಡು ಹಾಕಲಿ?