ಸಂದರ್ಶಕರ ಪುಸ್ತಕದಲ್ಲಿ ಬರೆದದ್ದು

ಮದರಾಸು, 13-8-1958

ಕಾಂತಪ್ಪಣ್ಣನವರಿಗೆ ನಮಸ್ಕಾರ.

ಮ್ಯೂಸಿಯಮ್ಮಿನವರು ನಿಮ್ಮನ್ನು ಗ್ಯಾಲರಿಯ ಕಾವಲಿನಿಂದ ಉಗ್ರಾಣದ ಕೆಲಸಕ್ಕೆ ಹಾಕಿದ್ದು ನನ್ನ ದೂರಿನಿಂದ. ಆ ಶನಿವಾರ ನೀವು ಎಂದಿನಂತೆ ಕನ್ನಡದಲ್ಲಿ "ಊಟ ಆಯ್ತಾ ಮಗಾ?" ಎಂದಿರಿ. ನನ್ನ ಮನೆಮಾತು ಇಂಗ್ಲಿಷೆಂದೇ ನಂಬಿದ್ದ ಕಾಲೇಜು ಗೆಳತಿಯರು, "ಏಯ್ ಎಲ್ಸಿ, ಉನ್ ಮಾಮಾವಾ?" ನಿನ್ನ ಮಾವನಾ ಎಂದು ತಮಿಳಿನಲ್ಲಿ ಕೇಳಿ ನಕ್ಕರು. ನಾಚಿಕೆಯಾಗಿ, ಕಾವಲುಗಾರ ಅತಿ ಸಲುಗೆಯಿಂದ ಮಾತಾಡಿಸುತ್ತಾನೆ ಎಂದು ಸಂದರ್ಶಕರ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಬರೆದುಬಿಟ್ಟೆ. ಇಂಗ್ಲಿಷ್ ಓದಲು ಬಾರದ ನೀವು, ಹೊಗಳಿ ಬರೆದೆನೆಂದುಕೊಂಡು ನನಗೆ ಥ್ಯಾಂಕ್ಸ್ ಹೇಳಿದಿರಿ.

ಹಾಸ್ಟೆಲಿನಲ್ಲೇ ಬೆಳೆದ ನನ್ನ ಊಟ ವಿಚಾರಿಸುವವರು ಈ ಊರಿನಲ್ಲಿ ನೀವೊಬ್ಬರೇ.

ದೂರು ಸುಳ್ಳೆಂದು ಮ್ಯೂಸಿಯಮ್ಮಿನ ಸೂಪರಿಂಟೆಂಡೆಂಟರಿಗೆ ಬರೆದಿದ್ದೇನೆ. ಸೋಮವಾರ ಹತ್ತಕ್ಕೆ ಇಬ್ಬರನ್ನೂ ಕರೆಯುತ್ತಾರಂತೆ. ತುಂಬಾ ಹೆದರಿಕೆಯಾಗಿದೆ, ಆದರೂ ನಿಮ್ಮೆದುರಿಗೇ ಹೇಳುತ್ತೇನೆ. ದಯವಿಟ್ಟು ಆಗ, "ಹೋಗಲಿ ಬಿಡಿ ಸಾರ್, ಚಿಕ್ಕ ಹುಡುಗಿ" ಎಂದು ನನ್ನನ್ನು ಬಿಡಿಸಬೇಡಿ.

ಇತಿ,
ಎಲ್ಸಿ ರತ್ನಾವತಿ
ಬಿ.ಎ. ಮೊದಲ ವರ್ಷ